ತುಂಗೆಗೆ ಬಿಟ್ಟ ನೀಲ

ಕೊಪ್ಪ
೧೮ ನವೆಂಬರ್ ೨೦೨೪, ಸೋಮವಾರ

ಅಂಬಿಕಕ್ಕನಿಗೆ,

ನಿನ್ನ ತಂಗಿ ಶಿಲ್ಪಶ್ರೀಯ ಶರಣು.

ಇದೇನು ಹೊಸ ಸಂಪ್ರದಾಯ, ಕೊಪ್ಪದಿಂದ ಕಡಹಿನಬೈಲಿಗೆ ಕಾಗದ ಬರೆಯುತ್ತಾಳಲ್ಲ ಅಂದುಕೊಳ್ಳಬೇಡ. ಎರಡು ಸಲ ಫೋನಿನಲ್ಲಿ ನಿನ್ನ ನಂಬರ್ ಒತ್ತಿ, ರಿಂಗ್ ಆಗುವ ಮೊದಲೇ ಕಟ್ ಮಾಡಿದೆ. ನಾನು ಬಾಯಿ ತೆಗೆದ ಕೂಡಲೇ ನೀನು ಅಳುತ್ತೀಯ. ನೀನು ಅತ್ತರೆ, ಹೇಳಬೇಕಾದದ್ದನ್ನೆಲ್ಲ ಬಿಟ್ಟು ನಿನ್ನನ್ನೇ ಸಮಾಧಾನ ಮಾಡುತ್ತ ಕೂರುತ್ತೇನೆ. ಕಾಗದದ ಎದುರು ನೀನು ಎಷ್ಟು ಅತ್ತರೂ ಅದು ತನ್ನ ಮಾತು ನಿಲ್ಲಿಸುವುದಿಲ್ಲ.

ಹೋದ ವಾರ ಗಾನವಿ ನನ್ನ ಅಂಗಡಿಗೆ ಬಂದಿದ್ದಳು. ನಿನಗೆ ಹೇಳಿರಲಿಕ್ಕಿಲ್ಲ. ಮದುವೆ ಗೊತ್ತಾದ ಮೇಲೆ ಹುಡುಗಿಯ ಮುಖಕ್ಕೆ ಒಂದು ಕಳೆ ಬಂದಿದೆ. ಗಿರಾಕಿಗಳಿದ್ದರು, ಅವರು ಹೋಗುವತನಕ ಒಳಗೆ ಬೆಂಚಿನ ಮೇಲೆ ಕೂತು ಕಾಲು ಆಡಿಸುತ್ತಿದ್ದಳು. ಆಮೇಲೆ ಬ್ಯಾಗಿನಿಂದ ಪುಟ್ಟ ಕೆಂಪು ಡಬ್ಬಿ ತೆಗೆದು ನನ್ನ ಮುಂದೆ ಇಟ್ಟಳು.

"ಚಿಕ್ಕಮ್ಮ, ಇದು ಬೆರಳಲ್ಲಿ ನಿಲ್ತಾನೇ ಇಲ್ಲ, ಜಾರ್ತದೆ. ಅಮ್ಮ ಶಿವಮೊಗ್ಗದಲ್ಲಿ ಮಾಡಿಸಿದಾರೆ, ಅಲ್ಲೇ ಕೊಡು ಅಂದ್ರು. ಚಿಕ್ಕಮ್ಮನ ಅಂಗಡಿ ಇಲ್ಲೇ ಇರೋವಾಗ ಅಷ್ಟು ದೂರ ಯಾಕೆ ಹೋಗ್ಲಿ ಅಂತ ನಾನೇ ತಂದೆ."

ಡಬ್ಬಿ ತೆರೆದೆ. ನೀಲದ ಉಂಗುರ.

ಅಕ್ಕಾ, ನನ್ನ ಅಂಗಡಿಯಲ್ಲಿ ಹವಳ ಇದೆ, ಮುತ್ತು ಇದೆ, ಪಚ್ಚೆ, ಪುಷ್ಯರಾಗ ಎಲ್ಲ ಇದೆ. ನೀಲ ಮಾತ್ರ ಇಲ್ಲ ಎಂಬುದು ನಿನಗೆ ಗೊತ್ತು. ಮಂಗಳೂರಿನಲ್ಲಿ ಹರಳು ಪರೀಕ್ಷೆ ಕಲಿಯುವಾಗಲೂ ನೀಲದ ಪಾಠದ ದಿನ ಕೈ ಕಟ್ಟಿಕೊಂಡು ದೂರ ನಿಂತವಳು ನಾನು. ಯಾರಾದರೂ ನೀಲ ತಂದರೆ, ನಾನು ಮುಟ್ಟುವುದಿಲ್ಲ, ಬೇರೆ ಕಡೆ ಕೊಡಿ ಎಂದು ವಾಪಸು ಕಳಿಸುತ್ತೇನೆ. ಆವತ್ತು ಹಾಗೆ ಕಳಿಸಲು ಆಗಲಿಲ್ಲ. ತಂದವಳು ನಿನ್ನ ಮಗಳು. ಜೊತೆಗೆ ಆ ಕಲ್ಲಿನ ಒಂದು ಮೂಲೆಯಲ್ಲಿ ಬಣ್ಣ ಇರಲಿಲ್ಲ. ನೀಲಿ ಅಲ್ಲಿಗೆ ಬಂದು ನೀರಿನ ಹಾಗೆ ತಿಳಿಯಾಗಿಬಿಟ್ಟಿತ್ತು.

ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡೆ. ಒಳಗೆ ಹೆಬ್ಬೆಟ್ಟು ಒತ್ತಿದ ಹಾಗೆ ಸಣ್ಣ ಸಣ್ಣ ಗೆರೆಗಳು, ಅವುಗಳ ನಡುವೆ ಒಂದು ಕಡೆ ಗೆರೆ ತುಂಡಾಗಿ ಮತ್ತೆ ಕೂಡಿಕೊಂಡಿತ್ತು. ನಾವಿಬ್ಬರೂ ಅಪ್ಪಾಜಿಯ ತೊಡೆಗೆ ಒರಗಿಕೊಂಡು, ಸರದಿಯ ಮೇಲೆ ಅದೇ ಗೆರೆಗಳನ್ನು ನೋಡಿದವರು. "ಭೂಮಿತಾಯಿ ಹೆಬ್ಬೆಟ್ಟು ಒತ್ತಿ ಕೊಟ್ಟದ್ದು ಕಣ್ರೇ. ಇನ್ನೊಂದು ನೀಲದಲ್ಲಿ ಇದೇ ಗೆರೆ ಹುಡುಕಿದ್ರೂ ಸಿಗಲ್ಲ" ಎನ್ನುತ್ತಿದ್ದರು ಅವರು. ಅದು ನಿಜ. ಇಷ್ಟು ವರ್ಷ ಹರಳು ನೋಡಿದ್ದೇನೆ, ಒಂದರ ಒಳಗಿನದು ಇನ್ನೊಂದರಲ್ಲಿ ಇರುವುದಿಲ್ಲ.

ತುಂಗೆಯ ತಳದಲ್ಲಿ ಇರಬೇಕಾದ ನನ್ನ ನೀಲ ನನ್ನ ಮೇಜಿನ ಮೇಲಿತ್ತು.

ಗಾನವಿಗೆ ಏನೂ ತಿಳಿಯದು. ಮಕ್ಕಳೆದುರು ಆ ಉಂಗುರದ ಮಾತು ಎತ್ತಬಾರದು ಎಂದು ನೀನೇ ಎಲ್ಲರಿಗೂ ಕಟ್ಟಪ್ಪಣೆ ಮಾಡಿದ್ದೆ. ಅದು ನನ್ನ ಮೇಲಿನ ಮರುಕ ಎಂದು ತಿಳಿದುಕೊಂಡಿದ್ದೆ. ಆ ಹುಡುಗಿ ನಗುತ್ತ ನಗುತ್ತ ಎಲ್ಲ ಹೇಳಿದಳು. ಅಜ್ಜಿ, ಅಂದರೆ ನಿನ್ನ ಅತ್ತೆ, ಇರುವವರೆಗೆ ನೀನು ಕಲ್ಲನ್ನು ಅಕ್ಕಿ ಡಬ್ಬಿಯ ತಳದಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದೆಯಂತೆ. ಅಜ್ಜಿ ತೀರಿಕೊಂಡ ಮೇಲೆ ಹೊರಗೆ ತೆಗೆದೆಯಂತೆ. ನೀಲ ಹಾಕಿಕೊಳ್ಳುವುದಕ್ಕೆ ಗಾನವಿಗೇ ಭಯವಿತ್ತಂತೆ. "ಅಮ್ಮ ಬೈದ್ರು ಚಿಕ್ಕಮ್ಮ. ನೀಲ ಕೆಟ್ಟದ್ದು ಅನ್ನೋದೆಲ್ಲ ಬರೀ ಸುಳ್ಳು, ಇಷ್ಟು ವರ್ಷ ಮನೇಲೇ ಇಟ್ಕೊಂಡಿದೀನಿ, ಯಾರಿಗೆ ಎಂತ ಆಯ್ತು ಅಂದ್ರು."

ಯಾರಿಗೆ ಎಂತ ಆಯಿತು.

ಆ ಮಾತು ಕೇಳಿದ ಮೇಲೆ ನಾನು ಒಳಗೆ ಹೋಗಿ ಅವಳಿಗೆ ಟೀ ಕಾಸಿದೆ. ಸಕ್ಕರೆ ಹಾಕಿದೆನೋ ಇಲ್ಲವೋ ನೆನಪಿಲ್ಲ. ಅವಳು ಕುಡಿದು, ಮದುವೆ ಸೀರೆಯ ಫೋಟೋಗಳನ್ನೆಲ್ಲ ಫೋನಿನಲ್ಲಿ ತೋರಿಸಿ, ಉಂಗುರ ಬಿಟ್ಟು ಹೋದಳು.

ನಿನಗೆ ಆ ಕಲ್ಲಿನ ಮೇಲೆ ಎಷ್ಟು ಆಸೆ ಇತ್ತು ಎಂಬುದು ನನಗೆ ತಿಳಿಯದ್ದಲ್ಲ. ಎನ್.ಆರ್. ಪುರದ ಮನೆಯಲ್ಲಿ ಭಾನುವಾರ ಬೆಳಿಗ್ಗೆ ಅಪ್ಪಾಜಿ ಪೂಜೆ ಮುಗಿಸಿ, ಹತ್ತಿಯಲ್ಲಿ ಸುತ್ತಿದ್ದ ಆ ಕಲ್ಲನ್ನು ಬಿಡಿಸಿ ಕಿಟಕಿಯ ಬಿಸಿಲಿಗೆ ಇಡುತ್ತಿದ್ದರಲ್ಲ, ಆಗ ನಾನು ಕೈ ಚಾಚಿ ಗಲಾಟೆ ಮಾಡುತ್ತಿದ್ದೆ, ನೀನು ಉಸಿರು ಬಿಗಿಹಿಡಿದು ನೋಡುತ್ತಿದ್ದೆ. ಮಂಗಳೂರಿನ ಆಭರಣದ ಅಂಗಡಿಯಲ್ಲಿ ಕೆಲಸಕ್ಕಿದ್ದ ವಯಸ್ಸಿನಲ್ಲಿ, ಸಿಂಹಳದಿಂದ ಬಂದ ವ್ಯಾಪಾರಿಯೊಬ್ಬನ ಹತ್ತಿರ ಆ ಕಲ್ಲು ಕಂಡು, ಅಪ್ಪಾಜಿ ಊಟ ಬಿಟ್ಟು ಅದರ ಹಿಂದೆ ಬಿದ್ದಿದ್ದರಂತೆ. ಆ ನಾಡಿನಲ್ಲಿ ಗದ್ದೆಯ ಪಕ್ಕ ಬಾವಿಯಂಥ ಗುಂಡಿ ತೋಡಿ, ತಳದ ಜಲ್ಲಿಯನ್ನು ಬುಟ್ಟಿಯಲ್ಲಿ ಜಾಲಿಸಿ ಜಾಲಿಸಿ ನೀಲ ಹುಡುಕುವವರ ಕಥೆ ಹೇಳುತ್ತಿದ್ದರು. ಕಾಶ್ಮೀರದಲ್ಲಿ ಗುಡ್ಡ ಕುಸಿದು ನೀಲಗಳು ಹೊರಬಿದ್ದಾಗ, ಬೆಲೆ ತಿಳಿಯದ ಜನ ಅವನ್ನು ಉಪ್ಪಿಗೆ ಬದಲಾಗಿ ಕೊಟ್ಟರಂತೆ ಎಂದು ಹೇಳಿ ತಾವೇ ಹಣೆ ಚಚ್ಚಿಕೊಳ್ಳುತ್ತಿದ್ದರು. ಒಳ್ಳೆಯ ಇಂದ್ರನೀಲ ಹಾಲಿಗೆ ಬಿದ್ದರೆ ಹಾಲೇ ನೀಲಿಯಾಗಿ ಕಾಣುತ್ತದೆ ಎಂದು ಹಿಂದಿನವರ ಮಾತು. ಅಪ್ಪಾಜಿ ಬೆಳ್ಳಿ ಬಟ್ಟಲಲ್ಲಿ ಹಾಕಿ ನೋಡಿದರು. ಹಾಲು ಬೆಳ್ಳಗೇ ಇತ್ತು. ನಕ್ಕು ಆ ಹಾಲನ್ನು ನನಗೆ ಕುಡಿಸಿದರು. ಮಾಣಿಕ್ಯವೂ ನೀಲವೂ ಒಂದೇ ಕುರುವಿಂದ ಜಾತಿಯ ಕಲ್ಲು, ಒಳಗೆ ಚೂರು ಬೇರೆ ಲೋಹ ಸೇರಿದ್ದಕ್ಕೆ ಒಂದು ಕೆಂಪು ಒಂದು ನೀಲಿ ಎಂದು ಹೇಳಿಕೊಟ್ಟವರೂ ಅವರೇ. ಶನಿ, ದೋಷ, ಕಂಟಕ ಅಂತ ಅವರ ಹರಳಿನ ಅಂಗಡಿಗೆ ಬಂದವರು ಹೆದರಿದರೆ, ಕಲ್ಲಿಗೆ ಕೈಯೂ ಇಲ್ಲ ಕಾಲೂ ಇಲ್ಲ, ಅದು ನಿಮ್ಮನ್ನು ಹುಡುಕಿಕೊಂಡು ಬರಲ್ಲ ಎನ್ನುತ್ತಿದ್ದರು.

ಅವ್ವ ಹೋದ ಮೇಲೆ ನನ್ನ ತಲೆ ಬಾಚಿದ್ದು, ಸ್ಕೂಲಿಗೆ ಬುತ್ತಿ ಕಟ್ಟಿದ್ದು, ಜ್ವರ ಬಂದರೆ ಪಕ್ಕದಲ್ಲಿ ಕೂತದ್ದು ಎಲ್ಲ ನೀನು. ಅದಕ್ಕೇ ನೀಲ ಮೊದಲು ನಿನಗೇ ಬಂತು. ನಿನ್ನ ನಿಶ್ಚಿತಾರ್ಥದ ದಿನ ಅಪ್ಪಾಜಿ ಅದನ್ನು ನಿನ್ನ ಅಂಗೈಯಲ್ಲಿಟ್ಟರು. ನಿನ್ನ ಅತ್ತೆ ಎಲ್ಲರ ಎದುರಿಗೇ, "ಶನಿ ಕಲ್ಲು ನಮ್ಮನೆ ಹೊಸಿಲು ದಾಟೋದು ಬೇಡ ರೇಣುಕಪ್ನೋರೇ" ಅಂದುಬಿಟ್ಟರು. ವೀರೇಶ್ ಭಾವ ತಲೆ ತಗ್ಗಿಸಿ ಕೂತಿದ್ದರು. ನೀನು ವಾಪಸು ಕೊಟ್ಟೆ. ನಾನಾಗ ಲಂಗ ತೊಡುತ್ತಿದ್ದ ಹುಡುಗಿ, ಆದರೂ ಕಂಡಿದ್ದೆ: ಅಪ್ಪಾಜಿ ಕೈ ಚಾಚಿದ ಮೇಲೂ ನಿನ್ನ ಮುಷ್ಟಿ ಬಿಚ್ಚಿಕೊಳ್ಳಲು ತುಸು ಹೊತ್ತು ಬೇಕಾಯಿತು.

ಮುಂದೆ ಅದು ನನ್ನ ಪಾಲಿಗೆ ಬಂತು. ನನ್ನ ಮದುವೆಯಲ್ಲಿ ಅಡ್ಡಗದ್ದೆಯ ಬೀಗರು ಬೇಡವೆನ್ನಲಿಲ್ಲ. ಅರುಣ ಎಂಥ ಮನುಷ್ಯ ಎಂದು ನಿನಗೆ ಗೊತ್ತು, ಎಲ್ಲಕ್ಕೂ ನಗೆ. ಉಂಗುರ ಮಾಡಿಸಿ ತಂದ ದಿನ, ಹಾಕಿಕೊಳ್ಳುವ ಮುಂಚೆ ದಿಂಬಿನಡಿ ಇಟ್ಟು ಕನಸು ನೋಡಬೇಕಂತೆ ಎಂದು ಯಾರೋ ಹೇಳಿದ್ದನ್ನು ನಾನು ಹೇಳಿದೆ. "ನಿನ್ನ ಕನಸು ನಂಬೋ ಹಂಗಿಲ್ಲ ಮಾರಾಯ್ತಿ, ನಾನೇ ಪರೀಕ್ಷೆ ಮಾಡ್ತೀನಿ" ಎಂದು ತನ್ನ ದಿಂಬಿನ ಕೆಳಗೆ ಇಟ್ಟುಕೊಂಡ. ಬೆಳಿಗ್ಗೆ ಎದ್ದು, ಕನಸಲ್ಲಿ ಹಲಸಿನ ಹಣ್ಣಿನ ಕಡುಬು ತಿಂದೆ, ಕಲ್ಲು ಒಳ್ಳೇದೇ ಎಂದು ನನ್ನ ಬೆರಳಿಗೆ ತೊಡಿಸಿದ. ಇದನ್ನು ನಾನು ನಿನ್ನೊಬ್ಬಳಿಗೇ ಹೇಳಿದ್ದೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು.

ಆ ವರ್ಷವೇ ಜಯಪುರದಿಂದ ಬೈಕಿನಲ್ಲಿ ಬರುವಾಗ ಗಾಳಿಗೆ ಮರ ಬಿತ್ತು. ಅರುಣ ಹೋದ.

ಸೂತಕದ ಮನೆಯಲ್ಲಿ ನಿನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದೆ. ನೀನು ನನ್ನ ಕೂದಲಲ್ಲಿ ಕೈಯಾಡಿಸುತ್ತ, ಕಿವಿಯ ಹತ್ತಿರ ಬಗ್ಗಿ ಹೇಳಿದೆ. "ಆ ಕಲ್ಲೇ ಕಣೇ ಶಿಲ್ಪಾ. ಅವನು ದಿಂಬಿನಡಿ ಇಟ್ಕೊಂಡಿದ್ನಲ್ಲ, ಅದು ಅವನನ್ನೇ ಹಿಡ್ಕೊಂಡ್ಬಿಡ್ತು."

ಅಕ್ಕಾ, ಆ ವಾಕ್ಯವನ್ನು ನಾನು ಎಷ್ಟು ಸಲ ಕೇಳಿದ್ದೇನೆ ಗೊತ್ತೇ? ನೀನು ಹೇಳಿದ್ದು ಒಂದೇ ಸಲ. ನನ್ನ ತಲೆಯೊಳಗೆ ಅದು ನಿಲ್ಲಲೇ ಇಲ್ಲ.

ಬೇರೆಯವರು ಅಂದಿದ್ದರೆ ಅಷ್ಟು ಒಳಗೆ ಇಳಿಯುತ್ತಿರಲಿಲ್ಲ. ನಾನು ತಾಯಿಯೆಂದು ತಿಳಿದವಳ ಬಾಯಿಂದ ಬಂತಲ್ಲ, ನಂಬಿದೆ. ನೀನು ನನ್ನನ್ನು ಶೃಂಗೇರಿಗೆ, ತುಂಗೆಯ ದಡಕ್ಕೆ ಕರೆದುಕೊಂಡು ಹೋದೆ. ಉಂಗುರವನ್ನು ನೀನೇ ನನ್ನ ಬೆರಳಿಂದ ಕಳಚಿದೆ. ಹೊಳೆಗೆ ಬಿಡುವಾಗ ಹಾಕಿಕೊಂಡವರು ನೋಡಬಾರದು, ತಿರುಗಿ ನಿಂತುಕೋ ಎಂದೆ. ಮೆಟ್ಟಿಲ ಮೇಲೆ ಮೀನಿಗೆ ಮಂಡಕ್ಕಿ ಹಾಕುವವರ ಕಡೆ ಬೆನ್ನು ಮಾಡಿ, ಗೋಡೆ ನೋಡುತ್ತ ನಿಂತೆ. ಹಿಂದೆ ನೀರಿನಲ್ಲಿ ಬುಳುಕ್ ಎಂದು ಸದ್ದಾಯಿತು. ಎದೆಯ ಮೇಲಿಂದ ಏನೋ ಇಳಿದ ಹಾಗಾಗಿ ನಾನು ನಿನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದೆ. ಆ ಹೊತ್ತಿಗೆ ಕಲ್ಲು ಎಲ್ಲಿತ್ತು? ಸೆರಗಿನ ಗಂಟಿನಲ್ಲೇ? ಮುಷ್ಟಿಯಲ್ಲೇ? ನೀರಿಗೆ ಎಸೆದದ್ದು ಏನು?

ಕಲ್ಲು ಕದ್ದೆ ಎಂದು ಜಗಳಕ್ಕೆ ನಿಂತಿಲ್ಲ ನಾನು. ಕೇಳಿದ್ದರೆ ಕೊಡುತ್ತಿದ್ದೆ. ನನ್ನ ಗಂಡ ಹೋದ ಮೇಲೆ ನನಗೆ ಯಾವ ಉಂಗುರ ಬೇಕಾಗಿತ್ತು? ನಿನಗೆ ಆಸೆ, ಅತ್ತೆಯ ಭಯ, ನನ್ನನ್ನು ಕೇಳುವ ನಾಚಿಕೆ. ಇಷ್ಟು ನನಗೆ ಅರ್ಥವಾಗುತ್ತದೆ. ಅರ್ಥವಾಗದ್ದು ಇನ್ನೊಂದಿದೆ. ಆ ಕಲ್ಲು ನಿಜಕ್ಕೂ ಅರುಣನನ್ನು ಕೊಂದಿತ್ತು ಎಂದು ನೀನು ನಂಬಿದ್ದರೆ, ಅದನ್ನು ನಿನ್ನ ಗಂಡ, ಮಗಳು ಉಣ್ಣುವ ಅಕ್ಕಿಯಲ್ಲಿ ಹೂತಿಡುತ್ತಿದ್ದೆಯಾ? ಮದುಮಗಳ ಬೆರಳಿಗೆ ತೊಡಿಸುತ್ತಿದ್ದೆಯಾ? ನೀನು ಅದನ್ನು ಒಂದು ಕ್ಷಣವೂ ನಂಬಿರಲಿಲ್ಲ. ನಾನು ನಂಬಿದ್ದನ್ನು ನೋಡುತ್ತ ಸುಮ್ಮನಿದ್ದೆ.

ಅಡ್ಡಗದ್ದೆಯ ಅತ್ತೆಯ ಕಾಲಿಗೆ ಬೀಳು, ಮನಸ್ಸು ಹಗುರಾಗುತ್ತದೆ ಎಂದವಳೂ ನೀನು. ಬಿದ್ದೆ. ನನ್ನ ಉಂಗುರದ ದೆಸೆಯಿಂದ ನಿಮ್ಮ ಮಗ ಹೋದರು, ತಪ್ಪಾಯಿತು ಎಂದೆ. ಅದರ ಮಾರನೆಯ ದಿನದಿಂದ ಆ ಮನೆಯಲ್ಲಿ ನನ್ನ ಕೈಯ ನೀರು ಯಾರೂ ಕುಡಿಯಲಿಲ್ಲ. ನಾನು ಕೊಪ್ಪಕ್ಕೆ ಬಂದದ್ದು ಹಾಗೆ.

ಅಪ್ಪಾಜಿಗೂ ಹೇಳಿದೆಯಲ್ಲ. ಜನ್ಮದಲ್ಲಿ ಶನಿಯ ಹೆಸರಿಗೆ ಹೆದರದಿದ್ದ ಮನುಷ್ಯ, ಅಳಿಯನ ಸಾವಿಗೆ ತಾನು ತಂದ ಕಲ್ಲೇ ಕಾರಣ ಎಂದು ಅಂಗಡಿಯ ಬಾಗಿಲು ಎಳೆದುಕೊಂಡರು. ಕೊನೆಯಲ್ಲಿ ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದು, "ನಿನ್ನ ಬಾಳು ನಾನೇ ಹಾಳು ಮಾಡ್ದೆ ಮಗಳೇ" ಎಂದು ಮಕ್ಕಳ ಹಾಗೆ ಅತ್ತರು. ನೀನು ಮಂಚದ ಆಚೆ ಬದಿಯಲ್ಲಿ ನಿಂತಿದ್ದೆ. ಒಂದು ಮಾತು ಸಾಕಿತ್ತು ಅಕ್ಕಾ. ಇಲ್ಲ ಅಪ್ಪಾಜಿ, ಹಾಗಲ್ಲ, ಎಂಬ ಒಂದು ಮಾತು. ನೀನು ಅವರ ಹೊದಿಕೆ ಸರಿಮಾಡಿದೆ.

ವಿಜಯ್ ಮೇಷ್ಟ್ರ ವಿಷಯವನ್ನೂ ಬರೆದುಬಿಡುತ್ತೇನೆ. ಅವರು ನನ್ನನ್ನು ಮದುವೆಯಾಗುವ ಮಾತು ತಂದಾಗ ನಿನ್ನನ್ನೇ ಕೇಳಿದೆ. ನನ್ನ ಕೈ ಹಿಡಿದವರಿಗೆ ಮತ್ತೇನಾದರೂ ಆದರೆ ಎಂದೆ. ನೀನು ತುಸು ಯೋಚನೆ ಮಾಡಿ, "ಬೇಡ ಬಿಡು, ಯಾಕೆ ಸುಮ್ನೆ" ಅಂದೆ. ಹೌದು ಎಂದಿದ್ದರೆ, ಎಲ್ಲಿ ನಿನ್ನ ಮಾತು ಸುಳ್ಳಾಗಿ ನಾನು ಕಲ್ಲಿನ ವಿಚಾರ ಮತ್ತೆ ಕೆದಕುತ್ತೇನೋ ಎಂಬ ಭಯವೇ? ಅವರಿಗೆ ಈಗ ಇಬ್ಬರು ಮಕ್ಕಳು. ಮೇಷ್ಟ್ರು ಶಾಲೆಗೆ ಹೋಗುವಾಗ ನನ್ನ ಅಂಗಡಿಯ ಮುಂದೆಯೇ ಹೋಗುತ್ತಾರೆ, ಕೈಯೆತ್ತಿ ನಮಸ್ಕಾರ ಮಾಡುತ್ತಾರೆ.

ಗಾನವಿ ಬಂದು ಹೋದ ಮರುದಿನ ಅಂಗಡಿ ಮುಚ್ಚಿ ಅಡ್ಡಗದ್ದೆಯ ಬಸ್ ಹತ್ತಿದೆ. ಅಲ್ಲಿಗೆ ಹೋಗಿ ಎಷ್ಟೋ ವರ್ಷಗಳಾಗಿದ್ದವು. ಅತ್ತೆ ಜಗಲಿಯಲ್ಲಿ ಕೂತು ಅಲಸಂದೆ ಬಿಡಿಸುತ್ತಿದ್ದರು. ಕಣ್ಣು ಮಂದವಾಗಿದೆ, ದನಿಯಿಂದ ಗುರುತು ಹಿಡಿದರು. ಪಕ್ಕದಲ್ಲಿ ಕೂತು ನಾನೂ ಒಂದಷ್ಟು ಕಾಯಿ ಬಿಡಿಸಿದೆ. ಆಮೇಲೆ ಹೇಳಿದೆ: ಆ ಕಲ್ಲು ಹೊಳೆಗೆ ಹೋಗಲೇ ಇಲ್ಲವಂತೆ, ನಮ್ಮಕ್ಕನ ಮನೆಯಲ್ಲೇ ಇತ್ತಂತೆ, ಅಲ್ಲಿ ಯಾರಿಗೂ ಏನೂ ಆಗಿಲ್ಲ.

ಅವರು ಕೈ ನಿಲ್ಲಿಸಲಿಲ್ಲ. "ಮರ ಬಿದ್ದದ್ದು ಗಾಳಿಗೆ ಅಂತ ನಂಗೆ ಆವತ್ತೇ ಗೊತ್ತಿತ್ತು ಕಣವ್ವ" ಅಂದರು. "ಗಾಳಿನ ಬಯ್ಯೋಕಾಗ್ತದಾ? ನೀನೇ ಬಂದು ಕಾಲಿಗೆ ಬಿದ್ದು ನಂದೇ ತಪ್ಪು ಅಂದೆ. ಬಯ್ಯೋಕೆ ಒಬ್ಬರು ಸಿಕ್ಕಿದ್ರು ಅಂತ ಬೈದೆ. ನಂಗೂ ಎಲ್ಲಾದ್ರೂ ಇಳಿಸಬೇಕಾಗಿತ್ತಲ್ಲ."

ಅಷ್ಟೇ. ಅಷ್ಟು ಸರಳವಾಗಿ ಹೇಳಿದರು. ಬಿಡಿಸಿದ ಕಾಳನ್ನೆಲ್ಲ ಒಂದು ಚೀಲಕ್ಕೆ ತುಂಬಿ ನನ್ನ ಕೈಗೆ ಕೊಟ್ಟು, ಒಳಗೆ ಬಾ, ಊಟ ಮಾಡು ಎಂದರು. ಬಡಿಸಲು ಹೊರಟವಳನ್ನು ತಡೆಯಲಿಲ್ಲ. ನಾನು ಲೋಟಕ್ಕೆ ಹಾಕಿಕೊಟ್ಟ ನೀರನ್ನು ಕುಡಿದರು. ನನ್ನನ್ನು ಬೈದ ಆ ಹೆಂಗಸಿನ ಮೇಲೆ ನನಗೆ ಸಿಟ್ಟು ಬರಲಿಲ್ಲ ಅಕ್ಕಾ. ಅವರು ತಮ್ಮ ದುಃಖ ನನ್ನ ಮೇಲೆ ಹಾಕಿದರು. ನೀನು ನನ್ನ ದುಃಖವನ್ನೇ ಬಳಸಿಕೊಂಡೆ. ಬಸ್ಸಿನಲ್ಲಿ ಬರುವಾಗ ಇಷ್ಟೇ ಯೋಚನೆ.

ಇನ್ನು ಮುಂದೆ ಏನು ಎಂದು ನೀನು ಕೇಳಬಹುದು. ನನಗೆ ತಿಳಿಯದು. ನೀನು ನನ್ನ ತಲೆ ಬಾಚಿದ್ದು ಸುಳ್ಳಲ್ಲ. ಜ್ವರದಲ್ಲಿ ಪಕ್ಕ ಕೂತದ್ದು ಸುಳ್ಳಲ್ಲ. ಅವನ್ನೆಲ್ಲ ತೆಗೆದು ಆಚೆ ಎಸೆಯುವುದು ಹೇಗೆ? ಹಾಗಂತ ಈ ಹದಿಮೂರು ವರ್ಷವನ್ನು ಏನು ಮಾಡಲಿ? ಎರಡೂ ಒಂದೇ ಕೈಯಿಂದ ಬಂದಿವೆ. ಕ್ಷಮಿಸಿದ್ದೇನೆ ಎಂದು ಬರೆದರೆ ಅದು ಸುಳ್ಳಾಗುತ್ತದೆ, ನಮ್ಮಿಬ್ಬರ ನಡುವೆ ಆಗಲೇ ಸಾಕಷ್ಟು ಸುಳ್ಳಿದೆ.

ಗಾನವಿಗೆ ನಾನು ಏನನ್ನೂ ಹೇಳಿಲ್ಲ. ಮಗುವಿನ ಮದುವೆಯ ಸಂಭ್ರಮ ಕೆಡಿಸುವಷ್ಟು ಕೆಟ್ಟವಳಲ್ಲ ನಾನು. ಉಂಗುರದ ಅಳತೆ ಸರಿಮಾಡಿ, ಮೆರುಗು ಹಾಕಿ, ಇವತ್ತು ಬೆಳಿಗ್ಗೆ ಅವಳ ಕೈಗೇ ಕೊಟ್ಟು ಕಳಿಸಿದ್ದೇನೆ. ಚಿನ್ನ ಚೆನ್ನಾಗಿದೆ. ಬೆರಳಿಗೆ ಸರಿಯಾಗಿ ಕೂತಿದೆ. ಮಜೂರಿ ತೆಗೆದುಕೊಳ್ಳಲಿಲ್ಲ.

ಭಾವನಿಗೆ ನನ್ನ ನಮಸ್ಕಾರ ತಿಳಿಸು. ಅವರಿಗೂ ಇದು ಗೊತ್ತಿತ್ತೇ ಎಂದು ನಾನು ಕೇಳುವುದಿಲ್ಲ.

ಇಂತಿ,
ನೀನು ಎತ್ತಿ ಆಡಿಸಿದ
ಶಿಲ್ಪಶ್ರೀ

ಇನ್ನೊಂದು ಮಾತು: ಉಂಗುರ ಕಳಿಸಿದ್ದೇನೆ ಎಂದು ಬರೆದೆ. ಕಲ್ಲು ಕಳಿಸಿಲ್ಲ. ಅಳತೆ ಕಡಿಮೆ ಮಾಡಲು ಚಿನ್ನವನ್ನು ಬೆಂಕಿಗೆ ಹಿಡಿಯುವ ಮೊದಲು ಕಳಚಿದ್ದು, ಮತ್ತೆ ಕೂರಿಸಲು ಕೈ ಬರಲಿಲ್ಲ. ಹರಳು ಕೂರುವ ಕಟ್ಟು ಖಾಲಿ ಇದ್ದದ್ದು ನೋಡಿ ಗಾನವಿ ಗಾಬರಿಯಾದಳು. ಕಲ್ಲು ನನ್ನ ಹತ್ತಿರ ಜೋಪಾನವಾಗಿದೆ, ಯಾಕೆ ಇಟ್ಟುಕೊಂಡೆ ಅಂತ ನಿಮ್ಮಮ್ಮನನ್ನು ಕೇಳು ಎಂದಷ್ಟೇ ಹೇಳಿದ್ದೇನೆ. ಈ ಕಾಗದ ಸೇರುವ ಮೊದಲೇ ಅವಳು ಕೇಳಿರುತ್ತಾಳೆ. ನೀನು ಏನು ಹೇಳಿದೆಯೋ ನನಗೆ ಗೊತ್ತಿಲ್ಲ. ನಿಜ ಹೇಳಿದ್ದರೆ ಅವಳನ್ನು ಕಳಿಸು. ನಾನೇ ನನ್ನ ಕೈಯಾರೆ ಕೂರಿಸಿ, ಚಿಕ್ಕಮ್ಮನ ಉಡುಗೊರೆಯೆಂದು ಅವಳ ಬೆರಳಿಗೆ ತೊಡಿಸುತ್ತೇನೆ.